ಮಧ್ಯಾಹ್ನ ಕೋಯಿನ್ಸಿಡೆನ್ಸ್ ಬಿದ್ದುಹೋಗುವ ಸಿಲಿಕಾನ್ ರಿಂಗ್ ಚಿಪ್

ನಿಮ್ಮ ಪ್ರಶ್ನೆ ಇದು: ಲೇಸರ್ ಬೆಳಕಿನಿಂದ (ಪಂಪ್) ಜೋಡಿ ಫೋಟಾನ್ ಹುಟ್ಟಿಸುವ ಸಿಲಿಕಾನ್ ರಿಂಗ್ ಚಿಪ್‌ನಲ್ಲಿ ಕೋಯಿನ್ಸಿಡೆನ್ಸ್, ಅಂದರೆ ಎರಡು ಡಿಟೆಕ್ಟರ್‌ಗಳಲ್ಲಿ ಒಟ್ಟಿಗೆ ಸಿಗುವ ಎಣಿಕೆ, ಮಧ್ಯಾಹ್ನ ಬಿದ್ದುಹೋಗುತ್ತದೆ; ಬೆಳಗ್ಗೆಯೂ ಅದು ಆಕಸ್ಮಿಕ ಎಣಿಕೆಯ 3 ಪಟ್ಟು ದಾಟುವುದಿಲ್ಲ, ಏಕೆ? ಬೆಳಗ್ಗೆ ಸಿಗುವ ಜೋಡಿ ಫೋಟಾನ್‌ಗಳು ದಾವಣಗೆರೆಯ ಬಿಸಿಲೇರಿದ ಮೇಲೆ ಮಾಯವಾಗುತ್ತಿವೆ ಎಂದರೆ, ಹೆಚ್ಚಾಗಿ ರಿಂಗ್‌ನ ರೆಸೊನೆನ್ಸ್ (ಅದು ಬೆಳಕನ್ನು ಹಿಡಿದಿಡುವ ತರಂಗಾಂತರ) ಸರಿದಿದೆ, ಡಿಟೆಕ್ಟರ್ ಕೆಟ್ಟಿಲ್ಲ. ಸಿಲಿಕಾನ್ ರಿಂಗ್ ಒಂದು ಡಿಗ್ರಿಗೆ ಸುಮಾರು 70–80 ಪಿಕೋಮೀಟರ್ ಸರಿಯುತ್ತದೆ. ನೀವು ಹೇಳಿದ 50,000 ಕ್ಯೂಗೆ (ಹೆಚ್ಚಿದ್ದಷ್ಟೂ ರೆಸೊನೆನ್ಸ್ ಕಿರಿದು ಎನ್ನುವ ಅಳತೆ) 1550 ನ್ಯಾನೋಮೀಟರ್‌ನಲ್ಲಿ ರೆಸೊನೆನ್ಸ್ ಅಗಲ ಬರೀ 31 ಪಿಕೋಮೀಟರ್. ಅರ್ಧ ಡಿಗ್ರಿ ಸಾಕು, ಪಂಪ್ ಹೊರಗೆ ಬೀಳುತ್ತದೆ.

ಎಸಿಯನ್ನು ನಂಬಬೇಡಿ. ಚಿಪ್ ಕೆಳಗೆ ಪೆಲ್ಟಿಯರ್ (ಕರೆಂಟಿನಿಂದ ಬಿಸಿ, ತಂಪು ಮಾಡುವ ತಟ್ಟೆ), ಚಿಪ್‌ಗೆ ಆದಷ್ಟು ಹತ್ತಿರ ತಾಪ ಅಳೆಯುವ 10 ಕಿಲೋಓಮ್ ಥರ್ಮಿಸ್ಟರ್ ಕೂರಿಸಿ, ತಾಪವನ್ನು 0.01 ಡಿಗ್ರಿಯೊಳಗೆ ಹಿಡಿಯಿರಿ. ಕಂಟ್ರೋಲರ್ ಯುಪಿಎಸ್ ಮೇಲಿರಲಿ. ಕರೆಂಟ್ ಹೋಗಿಬಂದರೆ ಎಲ್ಲ ಮೊದಲಿನಿಂದ. ಆಮೇಲೆ ಲೇಸರನ್ನು ಕಡಿಮೆ ತರಂಗಾಂತರದ ಕಡೆಯಿಂದ ನಿಧಾನ ತನ್ನಿ, ಏಕೆಂದರೆ ಪಂಪ್‌ನಿಂದಲೇ ರಿಂಗ್ ಬಿಸಿಯಾಗಿ ರೆಸೊನೆನ್ಸ್ ಹೆಚ್ಚು ತರಂಗಾಂತರದ ಕಡೆಗೆ ಓಡುತ್ತದೆ.

ಬೆಳಗ್ಗೆಯೂ ಈ ಅನುಪಾತ 3 ದಾಟದಿರುವುದು ಬೇರೆ ತೊಂದರೆ. ಪಂಪ್ ಪವರ್ ಬರೆದಿಲ್ಲವಾದ್ದರಿಂದ ಇದು ಅಂದಾಜು: ಪಂಪ್ ಬೆಳಕನ್ನು ತಡೆಯಲು ಒಂದೇ 60 ಡಿಬಿ (ಹತ್ತು ಲಕ್ಷಕ್ಕೆ ಒಂದನ್ನಷ್ಟೇ ಬಿಡುವ) ಫಿಲ್ಟರ್ ಸಾಲುತ್ತಿಲ್ಲ. 1 ಮಿಲಿವ್ಯಾಟ್‌ನಲ್ಲಿ ಸೆಕೆಂಡಿಗೆ ಸುಮಾರು 8×10¹⁵ ಫೋಟಾನ್. 60 ಡಿಬಿ ತಡೆದರೂ 800 ಕೋಟಿ ನುಸುಳುತ್ತವೆ. ಪಂಪ್ ಅರ್ಧ ಮಾಡಿ ನೋಡಿ. ಒಂಟಿ ಎಣಿಕೆ (ಒಂದೊಂದೇ ಡಿಟೆಕ್ಟರ್‌ನದು) ಕಾಲು ಭಾಗಕ್ಕಿಳಿದರೆ ನಿಜವಾದ ಜೋಡಿಗಳು. ಅರ್ಧಕ್ಕಷ್ಟೇ ಇಳಿದರೆ ಸೋರಿಕೆ, ಇಲ್ಲವೇ ಫೈಬರ್‌ನ ರಾಮನ್ ಬೆಳಕು (ಗಾಜಿನಲ್ಲಿ ಚದುರಿ ತರಂಗಾಂತರ ಬದಲಾದ ಪಂಪ್ ಬೆಳಕು). ಸೋರಿಕೆಯಾದರೆ ಚಿಪ್ ನಂತರ ಇನ್ನೊಂದು ಫಿಲ್ಟರ್ ಸೇರಿಸಿ ಒಟ್ಟು 110 ಡಿಬಿ ದಾಟಿಸಿ. ಚಿಪ್‌ಗೆ ಮುಂಚೆಯೂ ಒಂದಿರಲಿ, ಲೇಸರ್‌ನ ಹಿನ್ನೆಲೆ ಬೆಳಕಿಗೆ. ರಾಮನ್ ಆದರೆ ಲೇಸರ್‌ನಿಂದ ಚಿಪ್‌ವರೆಗಿನ ಫೈಬರ್ ಮೋಟು ಮಾಡಿ.