ಕೆಲಸ ಹೋಗಿದೆ, ಪರ್ಸನಲ್ ಲೋನಿನ ಮೂರು ಕಂತು ಬಾಕಿ ಇದೆ, ರಿಕವರಿ ಏಜೆಂಟ್ ಅಮ್ಮನಿಗೂ ಹಳೆ ಆಫೀಸಿಗೂ ಫೋನ್ ಮಾಡಿ ಪೊಲೀಸ್ ಕಳಿಸ್ತೀನಿ ಅಂತಿದ್ದಾನೆ. ರಾತ್ರಿ ನಿದ್ದೆ ಬರ್ತಿಲ್ಲ, ಏನೇನೋ ಯೋಚನೆ ಬರ್ತಿದೆ. ಏನು ಮಾಡಲಿ?

ಮೊದಲು ಧೈರ್ಯ ತಂದುಕೊಳ್ಳಿ. ಪರ್ಸನಲ್ ಲೋನಿನ ಮೂರು ಕಂತು ಕಟ್ಟಲಿಲ್ಲ ಅನ್ನುವ ಒಂದೇ ಕಾರಣಕ್ಕೆ ನಿಮ್ಮನ್ನು ಯಾರೂ ಅರೆಸ್ಟ್ ಮಾಡಲು ಬರುವುದಿಲ್ಲ. ಸಾಲದ ಬಾಕಿ ಸಿವಿಲ್ ವಿಷಯ. ಬ್ಯಾಂಕಿನವರು ಕೋರ್ಟಿಗೆ ಹೋಗಿ ದಾವೆ ಹಾಕಬಹುದು, ಅದು ಅವರ ಹಕ್ಕು. ಆದರೆ ವಸೂಲಿಗೆ ಪೊಲೀಸರನ್ನು ಕಳಿಸುವ ಅಧಿಕಾರ ಬ್ಯಾಂಕಿಗೇ ಇಲ್ಲ, ಇನ್ನು ಏಜೆನ್ಸಿಗೆ ಎಲ್ಲಿಂದ ಬರಬೇಕು?

ಒಂದು ಕಡೆ ಮಾತ್ರ ಹುಷಾರಾಗಿರಿ. ಸಾಲಕ್ಕೆ ನೀವು ಕೊಟ್ಟ ಚೆಕ್ ಬೌನ್ಸ್ ಆಗಿದ್ದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ (ಚೆಕ್ಕುಗಳ ಕಾನೂನು) 138ನೇ ಸೆಕ್ಷನ್ ಅಡಿ ಕ್ರಿಮಿನಲ್ ಕೇಸ್ ಹಾಕಬಹುದು. ಖಾತೆಯಿಂದ ತಾನೇ ಕಟ್ ಆಗುವ ಕಂತು ಬೌನ್ಸ್ ಆದರೂ ಅದೇ ರೀತಿಯ ಇನ್ನೊಂದು ಕಾನೂನು ಇದೆ. ಅದಕ್ಕೂ ಮೊದಲು ಲಿಖಿತ ನೋಟಿಸ್ ಕೊಡಬೇಕು, ಅದು ಕೈಸೇರಿದ ಮೇಲೆ ಹಣ ಕಟ್ಟಲು 15 ದಿನ ಸಮಯ ಇರುತ್ತದೆ. ಹಾಗಾಗಿ ಅಂಚೆಯಲ್ಲಿ ಬಂದ ನೋಟಿಸನ್ನು ವಾಪಸ್ ಕಳಿಸಬೇಡಿ, ತಗೊಂಡು ಓದಿ, ಅಗತ್ಯ ಬಿದ್ದರೆ ವಕೀಲರಿಗೆ ತೋರಿಸಿ.

ವಾಟ್ಸಾಪಿನಲ್ಲಿ ಬರುವ ನೋಟಿಸಿನ ಕಥೆ ಬೇರೆ. ನಾನು ವಕೀಲ ಅಲ್ಲ, ಕೆಲವು ವರ್ಷ ಒಂದು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದೆ, ಈಗ ಪರಿಚಯದವರು ಕೇಳಿದರೆ ದೂರು ಬರೆದುಕೊಡುತ್ತೇನೆ. ನಮ್ಮ ಬೀದಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಅಕ್ಕ ಒಬ್ಬರು ಕೈ ನಡುಗಿಸಿಕೊಂಡು ಫೋನ್ ತಂದು ತೋರಿಸಿದರು. ಮೇಲೆ ಸಿಂಹದ ಲಾಂಛನ, ಕೆಂಪಕ್ಷರದಲ್ಲಿ 'ಅರೆಸ್ಟ್ ವಾರಂಟ್', ಇವತ್ತು ಸಂಜೆ ಐದರೊಳಗೆ ಕಟ್ಟಿ ಅಂತ ಗಡುವು. ಕೇಸ್ ನಂಬರ್ ಇಲ್ಲ, ಯಾವ ಊರಿನ ಕೋರ್ಟ್ ಅಂತ ಇಲ್ಲ, ನ್ಯಾಯಾಧೀಶರ ಸಹಿ ಇಲ್ಲ. ಕೊನೆಯಲ್ಲಿ ಮಾತ್ರ ಒಂದು ಮೊಬೈಲ್ ನಂಬರ್, ಅದಕ್ಕೇ ಫೋನ್‌ಪೇ ಮಾಡಿ ಅಂತ. ಯಾವ ಕೋರ್ಟೂ ಹೀಗೆ ಹಣ ಕೇಳುವುದಿಲ್ಲ. ಇಂಥದ್ದು ಬಂದರೆ ಡಿಲೀಟ್ ಮಾಡಬೇಡಿ, ಅದೇ ನಿಮ್ಮ ಸಾಕ್ಷಿ.

ಇನ್ನು ನಿಯಮದ ವಿಷಯ. ಆರ್‌ಬಿಐ ನಿಯಮದ ಪ್ರಕಾರ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ. ಬೈಯುವುದು, ಬೆದರಿಸುವುದು, ನಾಲ್ಕು ಜನರ ಮುಂದೆ ಮಾನ ಕಳೆಯುವುದು, ಹೆಸರು ಹೇಳದೆ ಕಾಲ್ ಮಾಡುವುದು, ಸುಳ್ಳು ಹೇಳಿ ಹೆದರಿಸುವುದು, ಮನೆಯವರಿಗೆ, ಸ್ನೇಹಿತರಿಗೆ, ರೆಫರೆನ್ಸ್ ಕೊಟ್ಟವರಿಗೆ ಕಾಟ ಕೊಡುವುದು, ಎಲ್ಲಕ್ಕೂ ನಿಷೇಧ ಇದೆ. ಏಜೆಂಟ್ ಮಾಡಿದ ತಪ್ಪಿಗೆ ಬ್ಯಾಂಕೇ ಹೊಣೆ. 'ಅದು ಏಜೆನ್ಸಿಯವರ ವಿಷಯ ಸಾರ್' ಅಂತ ಬ್ರಾಂಚಿನಲ್ಲಿ ಕೈತೊಳೆದುಕೊಳ್ಳಲು ನೋಡಿದರೆ ಒಪ್ಪಬೇಡಿ. ಮಹಿಳಾ ಸಂಘಗಳ ಮೂಲಕ ಸಿಗುವಂಥ ಮೈಕ್ರೋಫೈನಾನ್ಸ್ ಸಾಲಕ್ಕೆ ಹೊತ್ತು ಇನ್ನೂ ಬಿಗಿ: ಬೆಳಿಗ್ಗೆ 9ರಿಂದ ಸಂಜೆ 6 ಅಷ್ಟೇ. ಕಂತು ಕಟ್ಟುವ ಜಾಗ ಅಂತ ಒಂದು ಗೊತ್ತು ಮಾಡಿರುತ್ತಾರೆ, ಅಲ್ಲಿಗೆ ಸಾಲಗಾರರು ಸತತ ಎರಡು ಸಲ ಬರದಿದ್ದರೆ ಮಾತ್ರ ಮನೆ ಬಾಗಿಲಿಗೆ ಬರಬಹುದು.

ನಿಮ್ಮ ಅಮ್ಮನ ವಿಷಯ. ಅವರು ಜಾಮೀನಿಗೆ ಸಹಿ ಹಾಕಿದ್ದಾರಾ? ಹಾಕಿದ್ದರೆ ಅವರಿಗೂ ನಿಮ್ಮಷ್ಟೇ ಹೊಣೆ ಇದೆ, ಅವರನ್ನು ಕೇಳುವ ಹಕ್ಕು ಬ್ಯಾಂಕಿಗೆ ಇದೆ. ಅರ್ಜಿಯಲ್ಲಿ ಸುಮ್ನೆ ಅವರ ನಂಬರ್ ಬರೆದಿದ್ದಷ್ಟೇ ಆದರೆ ಅವರು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಆಫೀಸಿನವರ ಮಾತಂತೂ ಬಂದೇ ಬರುವುದಿಲ್ಲ.

ಮುಂದಿನ ಸಲ ಫೋನ್ ಬಂದಾಗ ಜಗಳಕ್ಕೆ ಹೋಗಬೇಡಿ, ಬೇಡಿಕೊಳ್ಳಲೂ ಬೇಡಿ. ಕಾಲ್ ರೆಕಾರ್ಡ್ ಮಾಡಿಕೊಳ್ಳಿ. 'ನಿಮ್ಮ ಹೆಸರೇನು, ಯಾವ ಏಜೆನ್ಸಿ, ಯಾವ ಬ್ಯಾಂಕಿನ ಪರವಾಗಿ ಮಾತಾಡುತ್ತಿದ್ದೀರಿ, ಬ್ಯಾಂಕು ಕೊಟ್ಟ ಅಧಿಕಾರ ಪತ್ರ ಕಳಿಸಿ, ಆಮೇಲೆ ಮಾತಾಡೋಣ' ಇಷ್ಟು ಹೇಳಿ. ಬಹಳಷ್ಟು ಜನ ಇಲ್ಲೇ ತಣ್ಣಗಾಗುತ್ತಾರೆ. ಮನೆಗೆ ಬಂದರೆ ಗುರುತಿನ ಚೀಟಿ ಮತ್ತು ಆ ಪತ್ರ ನೋಡದೆ ಒಳಗೆ ಕರೆಯಬೇಡಿ. ಫ್ರಿಜ್, ಬೈಕ್ ಎತ್ತಿಕೊಂಡು ಹೋಗುತ್ತೇವೆ ಅಂದರೆ ಹೆದರಬೇಡಿ, ಪರ್ಸನಲ್ ಲೋನಿಗೆ ನೀವು ಅವನ್ನು ಅಡ ಇಟ್ಟಿಲ್ಲ ಅಲ್ವಾ? ಕೋರ್ಟಿನ ಆದೇಶ ಇಲ್ಲದೆ ಮುಟ್ಟುವ ಹಾಗಿಲ್ಲ.

ಇದೆಲ್ಲಕ್ಕಿಂತ ಮುಖ್ಯ, ಬರವಣಿಗೆಯಲ್ಲಿ ದೂರು ಕೊಡುವುದು. ಬಾಯಿಮಾತಿನಲ್ಲಿ ನೂರು ಸಲ ಗೋಳು ಹೇಳಿಕೊಂಡರೂ ದಾಖಲೆ ಉಳಿಯುವುದಿಲ್ಲ. ಬ್ಯಾಂಕಿನ ಕುಂದುಕೊರತೆ ಅಧಿಕಾರಿಯ ಇಮೇಲ್ ವಿಳಾಸ ಅವರ ವೆಬ್‌ಸೈಟಿನಲ್ಲೇ ಇರುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ನಂಬರಿನಿಂದ, ಯಾರಿಗೆ ಕಾಲ್ ಬಂತು, ಏನೆಂದರು, ಅಷ್ಟನ್ನೇ ಬರೆಯಿರಿ, ಸ್ಕ್ರೀನ್‌ಶಾಟ್ ಲಗತ್ತಿಸಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಅನಿಸದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಹಾಕಬಹುದು. ಖರ್ಚಿಲ್ಲ, ವಕೀಲರೂ ಬೇಕಿಲ್ಲ. 14448ಕ್ಕೆ ಫೋನ್ ಮಾಡಿದರೆ ಹೇಗೆ ಅಂತ ಹೇಳಿಕೊಡುತ್ತಾರೆ. ಪ್ರಾಣ ಬೆದರಿಕೆ ಹಾಕಿದರೆ, ಮೈಮೇಲೆ ಬಂದರೆ ಈ 30 ದಿನ ಕಾಯುವ ಮಾತೇ ಇಲ್ಲ, ನೇರ ಸ್ಟೇಷನ್ನಿಗೆ ಹೋಗಿ. ಲೋನ್ ಆ್ಯಪಿನವರು ಫೋಟೋ ತಿರುಚಿ ಕಳಿಸುತ್ತಿದ್ದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೈಕ್ರೋಫೈನಾನ್ಸ್, ಲೇವಾದೇವಿಯವರ ಕಿರುಕುಳ ತಡೆಯಲೆಂದೇ ನಮ್ಮ ರಾಜ್ಯದಲ್ಲಿ 2025ರಲ್ಲಿ ಕಾನೂನು ಬಂದಿದೆ, 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ.

ಸಾಲ ಮಾತ್ರ ಸಾಲವೇ, ಅದನ್ನು ತೀರಿಸಬೇಕು. ಕೆಲಸ ಹೋಗಿದೆ ಅಂದಿದ್ದೀರಿ. ಅದನ್ನೇ ಬ್ಯಾಂಕಿಗೆ ಬರೆದು, ಕಂತು ಕಡಿಮೆ ಮಾಡಿ ಅವಧಿ ಹೆಚ್ಚಿಸಿ ಅಂತ ಕೇಳಿ. 'ಅರ್ಧ ಕಟ್ಟಿ, ಮುಗಿಸಿಬಿಡೋಣ' ಅಂತ ಏಜೆಂಟ್ ಫೋನಿನಲ್ಲಿ ಆಸೆ ತೋರಿಸಿದರೆ ನಂಬಬೇಡಿ, ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ ಪತ್ರ ಬರಲಿ. ಹಾಗೆ ಸೆಟಲ್ ಮಾಡಿಕೊಂಡರೆ ನಿಮ್ಮ ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ 'ಸೆಟಲ್ಡ್' ಅಂತ ದಾಖಲಾಗುತ್ತದೆ, ಮುಂದೆ ಸಾಲ ಸಿಗುವುದು ಕಷ್ಟ, ಅದೂ ಗೊತ್ತಿರಲಿ. ಹಣ ಕಟ್ಟುವುದಾದರೆ ಲೋನ್ ಅಕೌಂಟಿಗೇ ಕಟ್ಟಿ, ಏಜೆಂಟನ ಸ್ವಂತ ನಂಬರಿಗೆ ಯಾವತ್ತೂ ಬೇಡ.

ರಾತ್ರಿ ನಿದ್ದೆ ಬರುತ್ತಿಲ್ಲ, ಏನೇನೋ ಯೋಚನೆ ಬರುತ್ತಿದೆ ಅಂತಲೂ ಬರೆದಿದ್ದೀರಿ. ದಯವಿಟ್ಟು ಒಬ್ಬರೇ ನುಂಗಿಕೊಳ್ಳಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಅಮ್ಮನಿಗೂ ಇವತ್ತೇ ವಿಷಯ ತಿಳಿಸಿ, ಆ ನಂಬರಿನಿಂದ ಮತ್ತೆ ಫೋನ್ ಬಂದರೆ 'ನನ್ನನ್ನು ಕೇಳಬೇಡಿ, ಬ್ಯಾಂಕಿಗೆ ದೂರು ಕೊಟ್ಟಿದ್ದೇವೆ' ಅಂದು ಇಟ್ಟುಬಿಡಲು ಹೇಳಿ. ದೂರು ಬರೆಯುವಾಗ ಎಲ್ಲಾದರೂ ತಡವರಿಸಿದರೆ ಇಲ್ಲೇ ಕೇಳಿ, ಸಾಲದ ನಂಬರ್ ಮತ್ತು ನಿಮ್ಮ ಹೆಸರು ಮಾತ್ರ ಹಾಕಬೇಡಿ, ನಾನು ನೋಡಿ ತಿದ್ದಿಕೊಡುತ್ತೇನೆ.