ಒತ್ತಬೇಡಿ, ಎತ್ತೆತ್ತಿ ಕೊರೆಯಿರಿ

ಬೆಳ್ಳಿ ಬೆಸುಗೆ ಬಗ್ಗೆ ಬರೆದಾಗ ಬಂದಿದ್ದು ನಾಲ್ಕೇ ಪ್ರಶ್ನೆ. ಮಣಿ, ಪದಕ ಮಾಡಲು ಕಲ್ಲಿಗೆ ತೂತು ಹಾಕುವುದು ಹೇಗೆ ಅಂತ ಕೇಳಿದವರು ಮಾತ್ರ ಬಹಳ ಜನ. ಹೆಚ್ಚಿನವರ ಗೋಳು ಒಂದೇ: ಡ್ರಿಲ್ಲಿಗೆ ಹಾಕುವ ಬಿಟ್ ಹೋಯಿತು, ಕಲ್ಲೂ ಹೋಯಿತು. ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ.

ಸರ್, ನಾನು ವಿಜಯಪುರದಲ್ಲಿ ಮನೆಯಲ್ಲೇ ಸರ, ಕಿವಿಯೋಲೆ ಮಾಡಿ ಮಾರುತ್ತೇನೆ. ತವರು ಇಂಡಿ ತಾಲ್ಲೂಕು. ಭೀಮಾ ನದಿ ದಂಡೆಯಲ್ಲಿ ಕೆಲವು ಚೆಂದದ ಕಲ್ಲು ಆರಿಸಿ ತಂದಿದ್ದೆ. 1 ಮಿ.ಮೀ. ಡೈಮಂಡ್ ಬಿಟ್ ತರಿಸಿ ಕೊರೆದೆ. ಎರಡು ಕಲ್ಲಿಗೆ ತೂತು ಬಿತ್ತು. ಮೂರನೆಯದಕ್ಕೆ ಬಿಟ್ ಸುಮ್ನೆ ತಿರುಗುತ್ತದೆ, ಒಳಗೆ ಇಳಿಯುವುದಿಲ್ಲ. ತೂತು ಬಿದ್ದ ಎರಡರಲ್ಲೂ ಹಿಂದುಗಡೆ ದೊಡ್ಡ ಚಕ್ಕೆ ಎದ್ದಿದೆ. ಬಿಟ್ ನಕಲಿಯೋ, ನನ್ನ ತಪ್ಪೋ?

ಅಕ್ಕಾರೇ, ಬಿಟ್ ನಕಲಿ ಇರಲಿಕ್ಕಿಲ್ಲ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಅದರಲ್ಲಿ ನೀರಿನ ಮಾತೇ ಇಲ್ಲ. ತಪ್ಪಿರುವುದು ಅಲ್ಲೇ.

ಈ ಬಿಟ್ ಅಂದರೆ ಒಂದು ಉಕ್ಕಿನ ಕಡ್ಡಿ. ಅದರ ತುದಿಗೆ ವಜ್ರದ ಪುಡಿಯನ್ನು ನಿಕ್ಕಲ್ ಲೇಪ ಕೊಟ್ಟು ಹಿಡಿಸಿರುತ್ತಾರೆ. ಕಡಿಮೆ ಬೆಲೆಯ ಬಿಟ್‌ಗಳಲ್ಲಿ ಈ ಪುಡಿ ಒಂದೇ ಪದರ. ಅದು ಉದುರಿದರೆ ಕೈಯಲ್ಲಿ ಉಳಿಯುವುದು ಬರೀ ಕಡ್ಡಿ. ನಿಮ್ಮ ಮೂರನೇ ಕಲ್ಲಿನ ಮೇಲೆ ತಿರುಗಿದ್ದು ಅದೇ. ಬಿಸಿಲಿಗೆ ಹಿಡಿದು ನೋಡಿ, ತುದಿ ನುಣ್ಣಗೆ ಹೊಳೆಯುತ್ತಿದ್ದರೆ ಅದರ ಆಯುಷ್ಯ ಮುಗಿಯಿತು.

ಇನ್ನೊಂದು ಮಾತು. ಕಬ್ಬಿಣ ಕೊರೆಯುವ ಬಿಟ್ ಕತ್ತರಿಸಿಕೊಂಡು ಒಳಗೆ ಹೋಗುತ್ತದೆ. ಡೈಮಂಡ್ ಬಿಟ್ ಹಾಗಲ್ಲ, ಅದು ತೇಯುತ್ತದೆ. ಸಾಣೆಕಲ್ಲಿನ ಮೇಲೆ ನೀರು ಹಾಕದೆ ಗಂಧ ತೇಯುತ್ತೀರಾ? ಇಲ್ಲ, ಅಲ್ವಾ. ಇದೂ ಹಾಗೇ. ನೀರಿಲ್ಲದೆ ಒತ್ತಿದರೆ ತುದಿ ಕಾದುಹೋಗುತ್ತದೆ. ವಜ್ರ ಅಂದರೂ ಕೊನೆಗೆ ಇಂಗಾಲವೇ. ಗಾಳಿಯಲ್ಲಿ ಸುಮಾರು 700 ಡಿಗ್ರಿ ಸೆಲ್ಸಿಯಸ್ ದಾಟಿತು ಅಂದರೆ ಸುಡಲು ಶುರುವಾಗುತ್ತದೆ. ಅಷ್ಟು ದೂರ ಹೋಗುವ ಮೊದಲೇ ನಿಕ್ಕಲ್‌ನ ಹಿಡಿತ ಸಡಿಲಾಗಿ ಪುಡಿ ಉದುರುತ್ತದೆ.

ಹಾಗಾದರೆ ಹೇಗೆ ಮಾಡಬೇಕು? ಒಂದು ಸಣ್ಣ ಪರಾತ ತಗೊಳ್ಳಿ. ತಳಕ್ಕೆ ಬೇಡವಾದ ಟೈಲ್ಸ್ ತುಂಡು ಇಡಿ. ಅದರ ಮೇಲೆ ನಿಮ್ಮ ಕಲ್ಲನ್ನು ಅರಗಿನಿಂದ ಅಂಟಿಸಿ. ಪತ್ತಾರರು ಒಡವೆ ಹಿಡಿಸುವ ಅರಗೇ ಸಾಕು, ಕೆಲಸ ಮುಗಿದ ಮೇಲೆ ಬಿಸಿ ಮಾಡಿದರೆ ಬಿಟ್ಟುಕೊಳ್ಳುತ್ತದೆ. ಕಲ್ಲನ್ನು ಬೆರಳಲ್ಲಿ ಹಿಡಿದು ಮಾತ್ರ ಕೊರೆಯಬೇಡಿ. ನನ್ನ ಎಡಗೈ ತೋರುಬೆರಳಿನಲ್ಲಿ ಅಂಥದೊಂದು ಗುರುತು ಇಂದಿಗೂ ಇದೆ. ಕಲ್ಲು ಮುಳುಗಿ ಮೇಲೆ ಒಂದು ಕಾಳಿನಷ್ಟು ನೀರು ನಿಂತರೆ ಸಾಕು. ಪರಾತ ಬೇಡ ಅಂದರೆ ನಾನು ಮಾಡುವುದು ಹೀಗೆ: ಮೆಡಿಕಲ್ ಅಂಗಡಿಯಲ್ಲಿ ಸಲೈನ್ ಹಾಕುವ ನಳಿಗೆ ಸಿಗುತ್ತದೆ. ನೀರಿನ ಬಾಟಲಿಗೆ ಅದನ್ನು ಸಿಕ್ಕಿಸಿ ಗೋಡೆಯ ಮೊಳೆಗೆ ತೂಗುಹಾಕಿ. ನಳಿಗೆಯ ಮೇಲಿರುವ ಸಣ್ಣ ಗಾಲಿ ತಿರುವಿ, ಸೆಕೆಂಡಿಗೆ ಒಂದೋ ಎರಡೋ ಹನಿ ಸರಿಯಾಗಿ ಬಿಟ್‌ನ ಬುಡಕ್ಕೆ ಬೀಳುವ ಹಾಗೆ ಮಾಡಿ.

ನೀರು ಅಂದಮೇಲೆ ಕರೆಂಟಿನ ಮಾತೂ ಬರುತ್ತದೆ. ಕೈಯಲ್ಲಿ ಹಿಡಿಯುವ ಮಷಿನ್ ನೇರ ಪ್ಲಗ್ಗಿಗೆ ಹೋಗುವಂಥದ್ದಾದರೆ ನನಗೆ ಭಯ. ಪತ್ತಾರರ ಅಂಗಡಿಯಲ್ಲಿ ನೋಡಿರುತ್ತೀರಿ, ಮೋಟರ್ ಮೇಲೆ ತೂಗಾಡುತ್ತಿರುತ್ತದೆ, ಉದ್ದ ಬಳ್ಳಿಯಂಥ ಕೇಬಲ್ಲಿನ ತುದಿಯಲ್ಲಿ ಹಿಡಿಕೆ ಇರುತ್ತದೆ. ಅದು ಒಳ್ಳೆಯದು, ಮೋಟರ್ ನೀರಿನಿಂದ ದೂರ ಉಳಿಯುತ್ತದೆ. ಏನೇ ಇರಲಿ, ಮನೆಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್, ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಇನ್ನು ವೇಗ. ಮಷಿನ್ ಡಬ್ಬಿಯ ಮೇಲೆ 35,000 ಸುತ್ತು ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ನಮಗೆ ಬೇಡ. 1 ಮಿ.ಮೀ. ಬಿಟ್‌ಗೆ ನಿಮಿಷಕ್ಕೆ ಎಂಟು ಹತ್ತು ಸಾವಿರ ಸುತ್ತು ಸಾಕು. 3 ಮಿ.ಮೀ. ಆದರೆ ಅದರ ಅರ್ಧ. ಬಿಟ್ ಅಗಲವಾದಷ್ಟೂ ಅದರ ಅಂಚು ಜಾಸ್ತಿ ದೂರ ಓಡುತ್ತದೆ, ಜಾಸ್ತಿ ಕಾಯುತ್ತದೆ.

ಈಗ ಕೈಗೆ ಬರಬೇಕಾದ ಕೆಲಸ. ಶುರುವಿಗೆ ಬಿಟ್ ಅನ್ನು ಓರೆ ಹಿಡಿದು ಒಂದು ಸಣ್ಣ ಗುಳಿ ಮಾಡಿ. ಇಲ್ಲದಿದ್ದರೆ ನುಣ್ಣನೆಯ ಕಲ್ಲಿನ ಮೇಲೆ ತುದಿ ಜಾರಿ ಗೀರು ಬೀಳುತ್ತದೆ. ಗುಳಿ ಆದ ಮೇಲೆ ಮೆಲ್ಲಗೆ ನೆಟ್ಟಗೆ ಮಾಡಿ. ಹಣೆಗೆ ಕುಂಕುಮ ಇಟ್ಟುಕೊಳ್ಳುವಾಗ ಎಷ್ಟು ಒತ್ತುತ್ತೀರಿ? ಅಷ್ಟೇ ಒತ್ತಿ. ಎರಡು ಸೆಕೆಂಡು ಇಳಿಸಿ, ಪೂರ್ತಿ ಮೇಲೆತ್ತಿ. ಮತ್ತೆ ಇಳಿಸಿ, ಮತ್ತೆ ಎತ್ತಿ. ಪ್ರತಿ ಸಲ ಎತ್ತಿದಾಗ ತೂತಿನಿಂದ ಹಾಲಿನಂಥ ರಾಡಿ ಹೊರಗೆ ಬರುತ್ತದೆ, ಹೊಸ ನೀರು ಒಳಗೆ ಹೋಗುತ್ತದೆ. ರಾಡಿ ಬರುವುದು ನಿಂತರೆ ಕೊರೆಯುವುದೂ ನಿಂತಿದೆ ಅಂತ ತಿಳಿಯಿರಿ. ಬೆರಳಿನ ಅರ್ಧ ದಪ್ಪದ ಗಟ್ಟಿ ಕಲ್ಲಿಗೆ ಹತ್ತು ನಿಮಿಷ ಹಿಡಿದರೆ ಅದು ತಡ ಅಲ್ಲ. ಎರಡೇ ನಿಮಿಷದಲ್ಲಿ ಮುಗಿದರೆ ಬಿಟ್ ತಿನ್ನುತ್ತಿದ್ದೀರಿ ಅಂತಲೇ ಅರ್ಥ.

ಹಿಂದುಗಡೆ ಚಕ್ಕೆ ಏಳುವುದಕ್ಕೆ ಕಾರಣ ಬೇರೆ. ಬಿಟ್ ಕೆಳಗೆ ತಲುಪುವ ಹೊತ್ತಿಗೆ ಅಲ್ಲಿ ಉಳಿದಿರುವುದು ತೆಳ್ಳನೆಯ ಪದರ. ಅದನ್ನು ಬಿಟ್ ತೇಯುವುದಿಲ್ಲ, ತಳ್ಳಿ ಒಡೆಯುತ್ತದೆ. ಅದಕ್ಕೇ ಅರ್ಧ ಈ ಕಡೆಯಿಂದ, ಅರ್ಧ ಆ ಕಡೆಯಿಂದ ಕೊರೆಯಬೇಕು. ಗುಜರಾತಿನ ಖಂಭಾತದ ಮಣಿಗಾರರು ಕರೆಂಟ್ ಇಲ್ಲದ ಕಾಲದಿಂದ ಹೀಗೇ ಮಾಡುತ್ತಾ ಬಂದವರು. ಕಡ್ಡಿಯ ತುದಿಗೆ ಎರಡು ಪುಟ್ಟ ವಜ್ರದ ಚೂರು ಕೂರಿಸಿ, ಬಿಲ್ಲಿನ ದಾರ ಸುತ್ತಿ, ಹಿಂದಕ್ಕೂ ಮುಂದಕ್ಕೂ ಎಳೆದು ಅಕೀಕಿನ (ಇಂಗ್ಲಿಷಿನಲ್ಲಿ ಅಗೇಟ್) ಮಣಿ ಕೊರೆಯುತ್ತಿದ್ದರು. ಎರಡು ಕಡೆಯ ತೂತು ಸೇರುವುದಿಲ್ಲ ಅನ್ನುವ ಚಿಂತೆ ಬೇಡ. ಬೆಳಕು ಹಾಯುವ ಕಲ್ಲಾದರೆ ಕೆಳಗೆ ಮೊಬೈಲ್ ಟಾರ್ಚ್ ಹಿಡಿಯಿರಿ, ಮೊದಲ ತೂತು ಕಪ್ಪು ಗೆರೆಯ ಹಾಗೆ ಕಾಣುತ್ತದೆ. ಬೆಳಕು ಹಾಯದ ಕಲ್ಲಿಗೆ ಡ್ರಿಲ್ ಸ್ಟ್ಯಾಂಡ್ ಬೇಕು. ಸ್ಟ್ಯಾಂಡಿನ ತಳದಲ್ಲಿ, ಬಿಟ್‌ನ ನೇರ ಕೆಳಗೆ, ಒಂದು ಸೂಜಿ ನೆಟ್ಟಗೆ ನಿಲ್ಲಿಸಿ. ಮೊದಲ ತೂತನ್ನು ಆ ಸೂಜಿಗೆ ಕೂರಿಸಿ ಮೇಲಿಂದ ಕೊರೆದರೆ ಎರಡೂ ಸೇರುತ್ತವೆ. ಸೇರುವ ಹೊತ್ತಿಗೆ ಸದ್ದು ಬದಲಾಗುತ್ತದೆ, ಆಗ ಕೈ ಇನ್ನೂ ಹಗುರ ಮಾಡಿ.

ಕೊನೆಗೆ ನಿಮ್ಮ ಕಲ್ಲಿನ ವಿಷಯ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ ತಣ್ಣಗಾಗಿ ನಿಮ್ಮ ಕಡೆಯ ಕರಿಕಲ್ಲು ಆಯಿತು. ಅದರೊಳಗಿನ ಗಾಳಿಗುಳ್ಳೆಗಳಲ್ಲಿ ಆಮೇಲೆ ತುಂಬಿಕೊಂಡಿದ್ದೇ ಅಕೀಕು. ದಂಡೆಯಲ್ಲಿ ಸಿಗುವ ಬೆಳಕು ಹಾಯುವ, ಗೆರೆಗೆರೆಯ ಕಲ್ಲು ಅದೇ ಇರಬೇಕು. ಗಡಸುತನದ ಅಳತೆಯಲ್ಲಿ ವಜ್ರ 10 ಆದರೆ ಅಕೀಕು 7ರ ಹತ್ತಿರ. ಅಂಥ ಕಲ್ಲಿಗೆ ಒಂದು ಬಿಟ್ ನಾಲ್ಕೈದು ತೂತು ಕೊಟ್ಟರೆ ನಾನಂತೂ ಖುಷಿ ಪಡುತ್ತೇನೆ. ಒಳಗೆ ಬೆಳ್ಳನೆಯ ಸೂಜಿಸೂಜಿ ಹರಳಿದ್ದರೆ ಅದನ್ನು ಕೊರೆಯಲು ಹೋಗಬೇಡಿ, ಪುಡಿಯಾಗುತ್ತದೆ. ತಂತಿ ಸುತ್ತಿ ಪದಕ ಮಾಡಿ.

ಕಾಕಾ, ನಾನು ಇಳಕಲ್ಲದವ. ಕೆಂಪು ಗ್ರಾನೈಟಿನ ಚೂರುಗಳಲ್ಲಿ ಪದಕ ಮಾಡುತ್ತೇನೆ. ನೀರು ಹಾಕಿದರೆ ಪೆನ್ಸಿಲ್ ಗುರುತು ಅಳಿಸುತ್ತದೆ ಅಂತ ಒಣಗಿದ್ದಾಗಲೇ ಕೊರೆಯುತ್ತೇನೆ, ಬಾಯಿಗೆ ಕರ್ಚೀಫ್ ಕಟ್ಟಿಕೊಳ್ಳುತ್ತೇನೆ. ಮೊನ್ನೆ ಬಿಟ್ ಮುರಿದು ತೂತಿನಲ್ಲೇ ಕೂತಿದೆ. ತೆಗೆಯುವುದು ಹೇಗೆ?

ತಮ್ಮಾ, ಬಿಟ್ ಆಮೇಲೆ. ಮೊದಲು ಆ ಕರ್ಚೀಫ್ ಬಿಸಾಕು. ಗ್ರಾನೈಟಿನಲ್ಲಿ ಸಿಲಿಕಾ ಇದೆ. ಅದರ ಸಣ್ಣ ಧೂಳು ಕಣ್ಣಿಗೆ ಕಾಣುವುದಿಲ್ಲ, ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಶ್ವಾಸಕೋಶದೊಳಗೆ ಹೋಗಿ ಗಾಯ ಮಾಡಿ ಅಲ್ಲೇ ಉಳಿಯುತ್ತದೆ. ಅದೇ ಸಿಲಿಕೋಸಿಸ್. ಬಂದ ಮೇಲೆ ವಾಸಿಯಾಗುವ ಕಾಯಿಲೆ ಅಲ್ಲ. 1948ರ ಕಾರ್ಖಾನೆ ಕಾಯ್ದೆಯ ರೋಗಗಳ ಪಟ್ಟಿಯಲ್ಲೇ ಅದನ್ನು ಸೇರಿಸಿದ್ದರು. ನಿಮ್ಮೂರಲ್ಲಿ ಕಲ್ಲಿನ ಕೆಲಸ ಮಾಡಿದ ಹಿರಿಯರನ್ನು ಕೇಳು, ನನಗಿಂತ ಚೆನ್ನಾಗಿ ಹೇಳುತ್ತಾರೆ. ನೀರು ಹಾಕಿಯೇ ಕೊರೆಯಬೇಕು, ಮುಖಕ್ಕೆ ಎನ್95 ಬೇಕು. ರಾಡಿ ಒಣಗಿದರೆ ಮತ್ತೆ ಧೂಳೇ, ಅದಕ್ಕೆ ಕಸಬರಿಗೆ ಹಾಕಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು. ಗುರುತಿಗೆ ಪೆನ್ಸಿಲ್ ಯಾಕೆ? ಮನೆಯಲ್ಲಿ ನೇಲ್ ಪಾಲಿಶ್ ಇರುತ್ತದಲ್ಲ, ಒಂದು ಚುಕ್ಕಿ ಇಡು, ನೀರಿಗೆ ಜಗ್ಗುವುದಿಲ್ಲ.

ಈಗ ಮುರಿದ ಬಿಟ್. ಮೊದಲು ಕಲ್ಲು ತಿರುಗಿಸಿ ಹಿಂದಿನಿಂದ ಅದೇ ಗೆರೆಗೆ ಕೊರೆ. ತೂತು ಸೇರಿದರೆ ಸಣ್ಣ ತಂತಿಯಿಂದ ದೂಡಬಹುದು. ಬಾರದಿದ್ದರೆ ಪಟಿಕ. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ತಿಕ್ಕುತ್ತಾರಲ್ಲ, ಬೆಳಗಾವಿ ಕಡೆ ತುರಟಿ ಅನ್ನುತ್ತೇವೆ, ಅದೇ. ಗಾಜಿನ ಪಾತ್ರೆಯಲ್ಲಿ ಬಿಸಿನೀರಿಗೆ ಕರಗುವಷ್ಟು ಪಟಿಕ ಹಾಕಿ ಕಲ್ಲು ಮುಳುಗಿಸು. ನೀರು ಆರಿದಾಗೆಲ್ಲ ಕಲ್ಲನ್ನೂ ಸೇರಿಸಿಯೇ ಮೆಲ್ಲಗೆ ಬಿಸಿ ಮಾಡು. ಉಕ್ಕು ಕರಗಿ ಸಣ್ಣ ಗುಳ್ಳೆ ಏಳುತ್ತವೆ, ಕಪ್ಪು ಹುಡಿ ಬಿಡುತ್ತದೆ. ಒಂದೆರಡು ದಿನ ಹಿಡಿಯಬಹುದು. ಒಡವೆಯಲ್ಲಿ ಮುರಿದ ಉಕ್ಕಿನ ಬಿಟ್ ತೆಗೆಯಲು ನಮ್ಮ ಮನೆಯಲ್ಲಿ ಮಾಡುತ್ತಿದ್ದ ಉಪಾಯ ಇದು. ಗ್ರಾನೈಟಿಗೆ ನಡೆಯುತ್ತದೆ, ಆದರೆ ತಿಳಿ ಬಣ್ಣದ ಕಡೆ ತುಕ್ಕಿನ ಕಲೆ ಕೂರಬಹುದು, ಆಗಾಗ ತೊಳೆ. ಲೋಕಾಪುರ ಕಡೆಯ ಸುಣ್ಣಕಲ್ಲಿಗೆ ಮಾತ್ರ ಇದನ್ನು ಮಾಡಲೇಬೇಡ. ಪಟಿಕದ ನೀರು ಹುಳಿ, ಕಲ್ಲನ್ನೇ ತಿನ್ನುತ್ತದೆ. ಬಿಟ್‌ನ ಕಡ್ಡಿ ಉಕ್ಕಿನದಲ್ಲದೆ, ಅದಕ್ಕಿಂತ ಗಡಸಾದ ಕಾರ್ಬೈಡ್‌ನದಾಗಿದ್ದರೆ ಅದು ಪಟಿಕಕ್ಕೆ ಕರಗುವುದಿಲ್ಲ.

ಗ್ರಾನೈಟಿನಲ್ಲಿ ಬಿಟ್ ಮುರಿಯುವುದು ಯಾಕೆ ಗೊತ್ತಾ? ಅದು ಒಂದೇ ಕಲ್ಲಲ್ಲ. ಗಡಸು ಕಾಳು, ಸ್ವಲ್ಪ ಮೆತ್ತನೆಯ ಕಾಳು, ನಡುವೆ ಅಭ್ರಕದ ಪದರ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ತುದಿ ಪಕ್ಕಕ್ಕೆ ಎಳೆಯುತ್ತದೆ. ಕೈಯಲ್ಲಿ ಹಿಡಿದ ಮಷಿನ್ ಆದರೆ 1 ಮಿ.ಮೀ. ಕಡ್ಡಿ ತಾಳುವುದಿಲ್ಲ. ನೀನು 1.5ರದು ತಗೋ, ಡ್ರಿಲ್ ಸ್ಟ್ಯಾಂಡಿಗೆ ಹಾಕು.

ಬೆಳಗಾವಿಯಿಂದ: ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲು ಬಳಸುವ ಡ್ರಿಲ್ ಇದೆ. ಅದಕ್ಕೇ ಸಣ್ಣ ಬಿಟ್ ಹಾಕಬಹುದೇ?

ಬೇಡ. ಅದರ ಬಾಯಿ 1 ಮಿ.ಮೀ. ಕಡ್ಡಿಯನ್ನು ಸರಿಯಾಗಿ ಕಚ್ಚುವುದಿಲ್ಲ, ತುದಿ ಓಲಾಡುತ್ತದೆ. ಹ್ಯಾಮರ್ ಬಟನ್ ಒತ್ತಿದ್ದರಂತೂ ಕಲ್ಲು ಮೊದಲ ಸೆಕೆಂಡಿನಲ್ಲೇ ಎರಡು. ಬಳಪದ ಕಲ್ಲಿನಂಥ ಮೆತ್ತನೆಯದಕ್ಕೆ ಡೈಮಂಡೇ ಬೇಡ, ಬಡಗಿಗಳ ಕೈಬೈರಿಗೆ ಸಾಕು. ಅದಕ್ಕೆ ಗಿರಮಿಟ್ ಅನ್ನುವ ಹೆಸರೂ ಇದೆ. ನಮ್ಮ ಕಡೆ ಆ ಮಾತು ಹೇಳಿದರೆ ಎಲ್ಲರಿಗೂ ಚುರಮುರಿ, ಉಳ್ಳಾಗಡ್ಡಿ, ಮಿರ್ಚಿಯೇ ನೆನಪಾಗುವುದು, ಅದು ಬೇರೆ ವಿಷಯ.

ಬಾದಾಮಿಗೆ ಹೋದಾಗ ಅಲ್ಲಿನ ಕೆಂಪು ಕಲ್ಲು ತಂದು ಮಣಿ ಮಾಡಬೇಕೆಂದಿದ್ದೇನೆ. ಸಾಧ್ಯವೇ?

ಗುಹೆ, ಗುಡಿಗಳ ಆವರಣದಿಂದ ಒಂದು ಚೂರನ್ನೂ ತೆಗೆಯಬೇಡಿ, ಅದು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. ಬೇರೆ ಕಡೆ ಸಿಕ್ಕರೂ ಮಣಿಗೆ ಅದು ಬಾಳುವುದಿಲ್ಲ. ಮರಳುಕಲ್ಲು ಅಂದರೆ ಅಂಟಿಕೊಂಡ ಮರಳು. ತೂತಿನ ಅಂಚಿನಿಂದ ಕಾಳು ಉದುರುತ್ತಾ ದಾರವನ್ನು ಗರಗಸದ ಹಾಗೆ ಕೊಯ್ಯುತ್ತದೆ.

ಗೋಕಾಕದಿಂದ: ನಮ್ಮ ಅಜ್ಜಿಯ ಹವಳದ ಸರ ಹರಿದಿದೆ. ದಾರದ ಬದಲು ಚಿನ್ನದ ತಂತಿಯಲ್ಲಿ ಪೋಣಿಸಬೇಕು. ಆದರೆ ತೂತು ಸಣ್ಣದು, 22 ಗೇಜ್ ತಂತಿ ಹೋಗುತ್ತಿಲ್ಲ. ಡೈಮಂಡ್ ಬಿಟ್‌ನಿಂದ ದೊಡ್ಡದು ಮಾಡಬಹುದೇ?

ತಾಯಿ, ತೂತು ನಿಜವಾಗಿಯೂ ಸಣ್ಣದು ಅಂತ ಯಾರು ಹೇಳಿದರು? ಹಳೆ ಮಣಿ ಅಂದರೆ ಒಳಗೆ ಬೆವರು, ಎಣ್ಣೆ, ಅರಿಶಿನ, ಹಳೆ ದಾರದ ಎಳೆ ಎಲ್ಲ ಗಟ್ಟಿಯಾಗಿ ಕೂತಿರುತ್ತದೆ. ಉಗುರುಬೆಚ್ಚನೆಯ ನೀರಿಗೆ ಒಂದೆರಡು ಹನಿ ಮೆತ್ತನೆಯ ಸೋಪು ಹಾಕಿ, ಮಣಿಗಳನ್ನು ಸ್ವಲ್ಪ ಹೊತ್ತು ನೆನೆಸಿ, ನೈಲಾನ್ ಎಳೆಯಿಂದ ಒಳಗೆ ಉಜ್ಜಿ. ಮಣಿ ಬೆಳ್ಳಗಾಗಲಿ ಅಂತ ನಿಂಬೆಹಣ್ಣು, ವಿನೆಗರ್ ಮುಟ್ಟಿಸಬೇಡಿ. ಹವಳವೂ ಸುಣ್ಣದ ಜಾತಿ, ಹುಳಿಗೆ ಕರಗುತ್ತದೆ, ಹೊಳಪು ಹೋದರೆ ಬರುವುದಿಲ್ಲ. ಇಷ್ಟು ಮಾಡಿದ ಮೇಲೆ ತಂತಿ ತೂರಿ ನೋಡಿ. ಅರ್ಧಕ್ಕರ್ಧ ಮಣಿಗೆ ಕೊರೆಯುವ ಕೆಲಸವೇ ಇರುವುದಿಲ್ಲ.

ಉಳಿದವಕ್ಕೆ ಮೋಟರ್ ಬೇಡವೇ ಬೇಡ. ಹವಳದ ಗಡಸುತನ 3ರಿಂದ 4ರ ನಡುವೆ, ಅಕೀಕಿನ ಮುಂದೆ ಅದು ಮೆತ್ತಗೆ. ಉದ್ದ ಮೂತಿಯ, ಕೈಯಲ್ಲೇ ತಿರುಗಿಸುವ ಡೈಮಂಡ್ ಅರ ಸಿಗುತ್ತದೆ. ಮಣಿಯನ್ನು ನೀರೊಳಗೇ ಹಿಡಿದು, ಅರವನ್ನು ಎರಡು ಬೆರಳಲ್ಲಿ ಬತ್ತಿ ಹೊಸೆದ ಹಾಗೆ ತಿರುಗಿಸಿ. ಅರ್ಧ ಈ ಕಡೆಯಿಂದ, ಅರ್ಧ ಆ ಕಡೆಯಿಂದ. 22 ಗೇಜ್ ಅಂದರೆ 0.71 ಮಿ.ಮೀ., ತೂತು 0.8 ಆದರೆ ಸಾಕು. ಅರ ಬಿಗಿಯಾಯಿತು ಅನ್ನಿಸಿದರೆ ಮುಂದಕ್ಕೆ ನೂಕಬೇಡಿ, ಹೊರಗೆ ತೆಗೆದು ತೊಳೆದು ಮತ್ತೆ ಹಾಕಿ, ಇಲ್ಲದಿದ್ದರೆ ಮಣಿ ಸೀಳುತ್ತದೆ. ಶುರು ಮಾಡುವುದು ಕೊಂಡಿಯ ಹತ್ತಿರದ ಸಣ್ಣ ಮಣಿಯಿಂದ. ಅದು ಕೊರಳ ಹಿಂದೆ, ಜಡೆಯ ಕೆಳಗೆ ಇರುತ್ತದೆ, ಹೆಚ್ಚುಕಮ್ಮಿ ಆದರೂ ಕಾಣುವುದಿಲ್ಲ. ಎದೆಯ ನಡುವೆ ಬರುವ ದೊಡ್ಡ ಮಣಿಯನ್ನು ಕೈ ಪಳಗಿದ ಮೇಲೆ, ಕೊನೆಗೆ ಮುಟ್ಟಿ.