ಐದು ನಿಮಿಷ, ಏಳು ಸಾವು

ಪ್ರಶ್ನೆ: ‘ಅನದರ್ ವರ್ಲ್ಡ್’ ಅನ್ನೋ 1991ರ ಗೇಮನ್ನು ನಮ್ಮ ಮಾವ ಒಂದೇ ಸಮ ಹೊಗಳುತ್ತಾರೆ. ಆಡಿ ನೋಡಿದೆ. ಐದು ನಿಮಿಷದಲ್ಲಿ ಏಳು ಸಲ ಸತ್ತೆ. ಅಂಥದ್ದೇನಿದೆ ಅದರಲ್ಲಿ?
- ಓದುಗ, ಜಯನಗರ, ಬೆಂಗಳೂರು

ಉತ್ತರ: ಏಳೇ ಸಲನಾ? ಪರವಾಗಿಲ್ಲ ಬಿಡಿ. ವಿಜ್ಞಾನಿ ಲೆಸ್ಟರ್ ಪ್ರಯೋಗ ಮಾಡುವಾಗ ಸಿಡಿಲು ಬಡಿದು ಬೇರೆ ಲೋಕದ ಕೊಳಕ್ಕೆ ಬೀಳುತ್ತಾನೆ, ನೀವು ಇನ್ನೂ ಕಥೆ ತೋರಿಸ್ತಿದ್ದಾರೆ ಅಂತ ಕೈಕಟ್ಟಿ ಕೂತಿರುತ್ತೀರಿ, ಅಷ್ಟರಲ್ಲಿ ಕೆಳಗಿನಿಂದ ಏನೋ ಬಂದು ಅವನನ್ನು ಎಳೆದುಕೊಂಡು ಹೋಗುತ್ತೆ. ನನ್ನ ಮೊದಲ ಸಾವೂ ಅಲ್ಲೇ. ದಡ ಹತ್ತಿದರೆ ಕಪ್ಪು ಹುಳುಗಳು. ಒಂದು ಹುಳು ಕಾಲಿಗೆ ಗೀರಿದರೂ ಸಾಕು, ಮುಗೀತು. ಆಮೇಲೆ ಅಟ್ಟಿಸಿಕೊಂಡು ಬರುವ ಮೃಗ.

ಮೆಚ್ಚುವವರಿಗೆ ಇದೇ ರುಚಿ. ಪರದೆ ಮೇಲೆ ಸ್ಕೋರ್ ಇಲ್ಲ, ಎಷ್ಟು ಜೀವ ಉಳಿದಿದೆ ಅನ್ನೋ ಪಟ್ಟಿಯೂ ಇಲ್ಲ. ಅಲ್ಲಿಯವರ ಭಾಷೆ ನಮಗೆ ತಿಳಿಯಲ್ಲ. ಆದರೂ ಅವರು ಲೆಸ್ಟರ್‌ನನ್ನು ಹಿಡಿದು ಕೂಡಿಹಾಕಿದ ಪಂಜರವನ್ನು ತೂಗಾಡಿಸಿ ಬೀಳಿಸಿದ ಮೇಲೆ, ಅದರಲ್ಲಿ ಜೊತೆಗೆ ಸೆರೆಯಾಗಿದ್ದ ಅನ್ಯಲೋಕದವನು ಹೆಗಲ ಮೇಲೆ ಕೈ ಇಟ್ಟಾಗ, ಇವನು ನಮ್ಮವನು ಅಂತ ಗೊತ್ತಾಗುತ್ತೆ ಅಲ್ವಾ! ಫ್ರಾನ್ಸಿನ ಎರಿಕ್ ಶಾಯಿ ಸಂಗೀತ ಬಿಟ್ಟು ಹೆಚ್ಚುಕಮ್ಮಿ ಎಲ್ಲವನ್ನೂ ಒಬ್ಬರೇ ಮಾಡಿದ್ದು, ಸುಮಾರು ಎರಡು ವರ್ಷ ಕೂತು.

ನಿಮ್ಮ ಸಿಟ್ಟೂ ಸುಮ್ನೆ ಅಲ್ಲ. ಸತ್ತು ಸತ್ತೇ ಕಲಿಯಬೇಕು, ಅದು ಎಲ್ಲರಿಗೂ ಹಿಡಿಸಲ್ಲ. ದಾರಿ ಗೊತ್ತಾದರೆ ಒಂದು ಗಂಟೆಯೂ ಬೇಡ, ದುಡ್ಡು ಕೊಟ್ಟವರಿಗೆ ಇದು ಚಿಕ್ಕದಾಯಿತು ಅನಿಸಬಹುದು.

ಇನ್ನೊಮ್ಮೆ ಆಡಿ. ಮಾವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ, ಎಲ್ಲಾ ಮೊದಲೇ ಹೇಳಿಬಿಡುತ್ತಾರೆ.